ಚಳಿಯಲ್ಲಿ ಶುರುವಾಗಲಿ, ವರ್ಷಪೂರ್ತಿ ನಡೆಯಲಿ: ಊರಲ್ಲಿ ಒಬ್ಬರಿಗೊಬ್ಬರು ಆಗುವ ಬಗೆ

ದೀಪಾವಳಿ ಮುಗಿಯುವ ಹೊತ್ತಿಗೆ ಮಹಾರಾಷ್ಟ್ರದ ಗಡಿಯಲ್ಲಿರುವ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ನಮ್ಮ ಕನ್ನಡ ಊರುಗಳಲ್ಲಿ ಬೆಳಗಿನ ಜಾವ ಹೊದಿಕೆ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಶುರುವಾಗಿರುತ್ತದೆ. ಇಲ್ಲಿಯದು ಹಿಮಾಲಯದ ಚಳಿಯೇನಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಹೊತ್ತು 15 ಡಿಗ್ರಿ ಆಸುಪಾಸು, ಕೆಲವು ದಿನ ಅದಕ್ಕಿಂತ ಕಡಿಮೆ. ಗೋಡೆ, ಬಾಗಿಲು, ಒಳ್ಳೆ ಹೊದಿಕೆ ಇದ್ದವರಿಗೆ ಇದು ಹಿತವಾದ ಕಾಲ. ಬಯಲಲ್ಲಿ ಮಲಗುವವರಿಗೆ, ಒಂಟಿ ಮುದುಕರಿಗೆ, ಹಸುಗೂಸುಗಳಿಗೆ ಹಾಗಲ್ಲ.

ಚಳಿಗಾಲದಲ್ಲಿ ಒಂದು ಅನುಕೂಲ ಇದೆ. ಯಾರಿಗೆ ಏನು ಕಡಿಮೆ ಇದೆ ಅನ್ನೋದು ಕಣ್ಣಿಗೇ ಕಾಣುತ್ತದೆ. ಬೇಸಿಗೆಯಲ್ಲಿ ಎಲ್ಲರೂ ಅಂಗಳದಲ್ಲೇ ಮಲಗುತ್ತಾರೆ, ಮನೆ ಇದ್ದವರಾರು ಇಲ್ಲದವರಾರು ತಿಳಿಯುವುದಿಲ್ಲ. ಹಾಗಾಗಿ ಈ ಕೆಲಸ ಶುರು ಮಾಡಲು ಚಳಿಗಾಲವೇ ಸರಿ. ಆದರೆ ಜನವರಿಯಲ್ಲಿ ನೂರು ಕಂಬಳಿ ಹಂಚಿ, ಫೋಟೋ ತೆಗೆಸಿಕೊಂಡು, ಫೆಬ್ರವರಿಯಲ್ಲಿ ಮರೆತುಬಿಡುವ ಪದ್ಧತಿಯ ಬಗ್ಗೆ ನಾನು ಬರೆಯುತ್ತಿಲ್ಲ. ಇಬ್ಬರಿಗೆ ವರ್ಷಪೂರ್ತಿ ಆಗುವುದು ಅದಕ್ಕಿಂತ ಕಷ್ಟ, ಮತ್ತು ಉಪಯೋಗ ಜಾಸ್ತಿ.

ಮೊದಲು ಒಂದು ಸುತ್ತು ಹಾಕಿ

ಏನನ್ನೂ ಕೊಳ್ಳಬೇಡಿ, ಚಂದಾ ಎತ್ತಬೇಡಿ. ಬೆಳಿಗ್ಗೆ ಆರು ಗಂಟೆಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ನಿಮ್ಮ ಓಣಿ, ಬಸ್ ಸ್ಟ್ಯಾಂಡು, ಊರ ಹೊರಗಿನ ರಸ್ತೆ ಸುತ್ತಿ ಬನ್ನಿ. ಯಾರ ಮನೆಯಲ್ಲಿ ಒಲೆ ತಡವಾಗಿ ಹತ್ತುತ್ತದೆ, ಯಾರು ಗುಡಿಯ ಕಟ್ಟೆ ಮೇಲೆ ಮಲಗಿದ್ದಾರೆ, ಯಾರ ಮಕ್ಕಳು ಪುಣೆಯಲ್ಲಿದ್ದು ಹಿರಿಯರಿಬ್ಬರೇ ಮನೆಯಲ್ಲಿದ್ದಾರೆ ಅನ್ನೋದು ಎರಡೇ ಸುತ್ತಿಗೆ ತಿಳಿಯುತ್ತದೆ. ಅವರಲ್ಲಿ ಇಬ್ಬರನ್ನು, ಹೆಚ್ಚೆಂದರೆ ಮೂವರನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. ಊರಿಗೆಲ್ಲ ಆಗಲು ಹೋದವರು ಯಾರಿಗೂ ಆಗುವುದಿಲ್ಲ.

ಆಮೇಲೆ ಕೇಳಬೇಕು. ಇಲ್ಲೇ ಬಹಳ ಜನ ಎಡವುತ್ತಾರೆ. "ಏನಾದರೂ ಬೇಕಾ?" ಅಂತ ಕೇಳಿದರೆ ನಮ್ಮ ಕಡೆಯ ಹಿರಿಯರ ಉತ್ತರ ಒಂದೇ: "ಏನೂ ಬ್ಯಾಡಪಾ, ಎಲ್ಲಾ ಐತಿ." ಬೇಕು ಅಂದರೆ ಮರ್ಯಾದೆ ಹೋಗುತ್ತದೆ ಅನ್ನೋ ಭಾವನೆ. ಅದಕ್ಕೆ ಕೆಲಸದ ಹೆಸರು ಹಿಡಿದು ಕೇಳಿ. "ಆಯಿ, ನಾಳೆ ಗಿರಣಿಗೆ ಹೊಂಟೀನಿ, ನಿಮ್ಮ ಜ್ವಾಳನೂ ಒಯ್ಲೇನು?" ಹೇಗಿದ್ದರೂ ನೀವು ಹೋಗುವವರೇ, ಅವರು ಋಣಿಯಾಗಬೇಕಿಲ್ಲ. ಚೀಲ ತಾನಾಗಿ ಹೊರಗೆ ಬರುತ್ತದೆ. ಔಷಧಿ ಅಂಗಡಿ, ರೇಷನ್ ಅಂಗಡಿ, ಗ್ಯಾಸ್ ಸಿಲಿಂಡರ್, ಎಲ್ಲಕ್ಕೂ ಇದೇ ದಾರಿ.

ಒಂಟಿಯಾಗಿರುವ ಹಿರಿಯರ ಮನೆಯಲ್ಲಿ ಚಳಿಗಾಲದಲ್ಲಿ ಇನ್ನೊಂದು ವಿಷಯ ನೋಡಿ. ಕೆಂಡದ ಬುಟ್ಟಿಯನ್ನು ಒಳಗಿಟ್ಟು, ಬಾಗಿಲು ಕಿಟಕಿ ಮುಚ್ಚಿ ಮಲಗುವ ರೂಢಿ ಇದ್ದರೆ ಬಿಡಿಸಿ. ಇದ್ದಿಲು ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳದೇ ಇರಬಹುದು. ಕೆಂಡ ಹೊರಗೇ ಇರಲಿ, ಮಲಗುವಾಗ ಬಿಸಿನೀರಿನ ಚೀಲ ಅಥವಾ ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಸ್ಟೀಲ್ ಬಾಟಲಿ ಸಾಕು.

ಹೊದಿಕೆ ಕೊಡುವುದಾದರೆ

ಅಗ್ಗದ ತೆಳು ಕಂಬಳಿ ಕೊಟ್ಟರೆ ಒಂದೇ ಚಳಿಗಾಲಕ್ಕೆ ಅದು ಒರೆಸುವ ಬಟ್ಟೆ. ಕೊಳ್ಳುವುದಿದ್ದರೆ ಸೊಲ್ಲಾಪುರದ ಚಾದರ ಕೊಳ್ಳಿ, ಆ ಊರಿನದೇ ಅಸಲು ಮಾಲು ಅಂತ ತೋರಿಸುವ ಜಿ.ಐ. ಗುರುತು ಇದ್ದದ್ದು. ದಪ್ಪ ಹತ್ತಿ, ವರ್ಷಗಟ್ಟಲೆ ಬಾಳುತ್ತದೆ. ಬಯಲಲ್ಲಿ ಮಲಗುವವರಿಗೆ ಮೇಲಿನ ಹೊದಿಕೆಯಷ್ಟೇ ಕೆಳಗಿನ ಹಾಸಿಗೆಯೂ ಮುಖ್ಯ. ಮೈಯ ಕಾವನ್ನು ನೆಲ ಎಳೆದುಕೊಳ್ಳುತ್ತದೆ. ಒಂದು ಪ್ಲಾಸ್ಟಿಕ್ ತಾಡಪತ್ರಿಯ ತುಂಡು, ಅದರ ಮೇಲೆ ಎರಡು ಖಾಲಿ ಗೋಣಿಚೀಲ, ಆಮೇಲೆ ಚಾದರ. ಈ ಮೂರೂ ಸೇರಿದರೆ ಬೆಚ್ಚಗೆ ನಿದ್ದೆ.

ಆದರೆ ನನ್ನ ಮಾತು ಕೇಳುವುದಾದರೆ ಕೌದಿ ಹೊಲಿಯಿರಿ. ಖರ್ಚು ಇಲ್ಲ, ಬೆಚ್ಚಗೆ ಇರುತ್ತದೆ, ಒಗೆಯಬಹುದು. ಈಗಿನ ಮನೆಗಳಲ್ಲಿ ಹಳೆ ಸೀರೆ ಪಾತ್ರೆಯವರ ಪಾಲಾಗುತ್ತದೆ. ಒಂದು ಸ್ಟೀಲ್ ಡಬ್ಬಿಗೆ ಐದಾರು ಸೀರೆ ಕೊಟ್ಟು ಕಳಿಸುತ್ತೇವೆ, ಅಲ್ವಾ? ಅದರಲ್ಲಿ ಎರಡು ಹತ್ತಿ ಸೀರೆ ತೆಗೆದಿಡಿ. ಪಾಲಿಯೆಸ್ಟರ್, ನೈಲಾನ್ ಬೇಡ. ಜಾರುತ್ತವೆ, ಬೆವರು ಹೀರುವುದಿಲ್ಲ, ಬೆಂಕಿ ತಾಗಿದರೆ ಮೈಗೆ ಅಂಟುತ್ತವೆ.

ಅಳತೆ ಸುಲಭ. ಒಂದು ಸೀರೆ ಸುಮಾರು ಐದೂವರೆ ಮೀಟರ್. ಮೂರು ಮಡಿಕೆ ಮಾಡಿದರೆ ಆರು ಅಡಿ ಉದ್ದ ಬರುತ್ತದೆ, ಒಬ್ಬರು ಹೊದೆಯುವಷ್ಟು. ಎರಡು ಸೀರೆಯನ್ನು ಹೀಗೆ ಮಡಿಸಿ ಒಂದರ ಮೇಲೊಂದು ಇಟ್ಟರೆ ಆರು ಪದರ. ನಮ್ಮ ಚಳಿಗೆ ಇದು ಬೇಕಾದಷ್ಟಾಯಿತು. ಮೊದಲು ಜರಿ ಅಂಚು, ಫಾಲ್ ಬಿಚ್ಚಿ, ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಒಣಗಿಸಿ. ಸಮತಟ್ಟಾದ ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ನಾಲ್ಕು ಮೂಲೆಗೂ ಭಾರ ಇಡಿ. ಹರಿದ ಜಾಗ ಇದ್ದರೆ ಧೋತರದ ತುಂಡನ್ನು ಪದರದ ನಡುವೆ ಸೇರಿಸಿ. ಉದ್ದ ಸೂಜಿ, ದಪ್ಪ ಹತ್ತಿ ದಾರ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬನ್ನಿ. ಒಂದು ಸಾಲಿಗೂ ಇನ್ನೊಂದಕ್ಕೂ ಬೆರಳು ಅಗಲ. ಮೇಲಿನ ಪದರಕ್ಕೆ ಗಟ್ಟಿ ಬಣ್ಣದ ಸೀರೆ ಇರಲಿ. ಚೆಂದ ಕಾಣುವುದು ಕೊಡುವ ವಸ್ತುವಿಗೂ ಬೇಕು.

ಒಬ್ಬರೇ ಕೂತರೆ ಬೇಸರ. ಊಟ ಮುಗಿಸಿ ಮಧ್ಯಾಹ್ನ ಓಣಿಯ ನಾಲ್ಕು ಜನ ಕೂತರೆ ಕೆಲವೇ ದಿನದಲ್ಲಿ ಒಂದು ಕೌದಿ ಏಳುತ್ತದೆ. ಕೌದಿ ಹೊಲಿಯುವ ಕೈಚಳಕ ಇರುವ ಅಜ್ಜಿಯಂದಿರು ಇನ್ನೂ ಇದ್ದಾರೆ. ಅವರನ್ನು ಕೂಡಿಸಿಕೊಳ್ಳಿ, ಅವರಿಗೂ ನಾಲ್ಕು ಜನರ ಜೊತೆ ಕೂತಂತಾಯಿತು.

ಕಬ್ಬಿನ ಟೋಳಿಯವರು

ಚಳಿಗಾಲದಲ್ಲಿ ಕಬ್ಬು ಕಡಿಯಲು ಟೋಳಿ, ಅಂದರೆ ತಂಡ ಕಟ್ಟಿಕೊಂಡು ಬಂದು ನಮ್ಮ ಹೊಲಗಳ ಅಂಚಿಗೆ ಗುಡಿಸಲು ಹಾಕುವವರಲ್ಲಿ ಬಹಳ ಮಂದಿ ಬೀಡ್ ಜಿಲ್ಲೆಯವರು. ಗಂಡ ಹೆಂಡತಿ ಸೇರಿ ಒಂದು 'ಕೋಯ್ತಾ' ಅಂತ ಲೆಕ್ಕ. ಟೋಳಿ ಕರೆತರುವ ಮುಕಾದಮನಿಂದ ಮೊದಲೇ ಉಚಲ್, ಅಂದರೆ ಮುಂಗಡ ಹಣ ತೆಗೆದುಕೊಂಡು ಬಂದಿರುತ್ತಾರೆ, ಕಡಿದ ಟನ್ನಿನ ಲೆಕ್ಕದಲ್ಲಿ ಅದು ತೀರಬೇಕು. ಒಂದು ದಿನ ಕೆಲಸ ತಪ್ಪಿದರೆ 'ಖಾಡಾ' ಅಂತ ಹಣ ಕಡಿತ. ಹಾಗಾಗಿ ಜ್ವರ ಬಂದರೂ ಆಸ್ಪತ್ರೆಗೆ ಹೋಗುವುದಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಬಂದವರು ಮಾರ್ಚ್, ಏಪ್ರಿಲ್ ತನಕ ಇರುತ್ತಾರೆ. ಅಂದರೆ ಅರ್ಧ ವರ್ಷ ನಮ್ಮ ನೆರೆಯವರು. ಆದರೂ ಊರಿನ ಹೆಚ್ಚಿನವರಿಗೆ ಅವರಲ್ಲಿ ಒಬ್ಬರ ಹೆಸರೂ ಗೊತ್ತಿರುವುದಿಲ್ಲ.

ಇಲ್ಲಿ ಒಂದು ಕ್ರಮ ಪಾಲಿಸಿ. ಮೊದಲು ಮುಕಾದಮನ ಹತ್ತಿರ ಮಾತಾಡಿ. ಅವನಿಗೆ ಗೊತ್ತಿಲ್ಲದೆ ನೀವು ಗುಡಿಸಲಿಗೆ ಓಡಾಡಿದರೆ ಆ ಜನಕ್ಕೇ ತೊಂದರೆ. ಅವನ ಎದುರಲ್ಲೇ "ನೀರಿಗೆ ನಮ್ಮ ಬೋರಿಗೆ ಬನ್ನಿ" ಅಂತ ಹೇಳಿ. ಮರಾಠಿ ಅಷ್ಟಕ್ಕಷ್ಟೇ ಬಂದರೂ ನಡೆಯುತ್ತದೆ.

ನೀರಾದ ಮೇಲೆ ಅತಿ ದೊಡ್ಡ ಕೊರತೆ ಹೆಣ್ಣುಮಕ್ಕಳಿಗೆ ಸ್ನಾನದ ಮರೆ. ಕತ್ತಲಾದ ಮೇಲೆ, ತಣ್ಣೀರಲ್ಲಿ, ಬಯಲಲ್ಲಿ ಮೈ ತೊಳೆಯಬೇಕು. ನಾಲ್ಕು ಗಳ ನೆಟ್ಟು ಸುತ್ತ ತಾಡಪತ್ರಿ ಕಟ್ಟಿ, ಕೆಳಗೆ ಎರಡು ಚಪ್ಪಡಿ ಹಾಕಿಕೊಡಿ. ಅರ್ಧ ದಿನದ ಕೆಲಸ. ಹೊಲದ ಮಾಲೀಕರು ನೀವೇ ಆಗಿದ್ದರೆ ಇದು ದಯೆ ಅಲ್ಲ, ನೀವು ಮಾಡಲೇಬೇಕಾದ ಕೆಲಸ ಅನ್ನೋದು ನನ್ನ ಅಭಿಪ್ರಾಯ.

ಗುಡಿಸಲುಗಳು ರವದಿ (ಕಬ್ಬಿನ ಒಣಗರಿ), ತಾಡಪತ್ರಿಯವು. ಚಳಿಗೆ ಬೆಂಕಿ ಹಾಕುವುದು ಅದರ ಪಕ್ಕದಲ್ಲೇ. ಒಂದು ಹಳೆ ಬ್ಯಾರಲ್ ನೀರು, ಒಂದು ಬಕೆಟ್ ಹತ್ತಿರ ಇರಲಿ ಅಂತ ನೋಡಿಕೊಳ್ಳಿ. ಇನ್ನೊಂದು, ರಾತ್ರಿ ಹೋಗುವ ಕಬ್ಬಿನ ಟ್ರಾಲಿ, ಎತ್ತಿನ ಗಾಡಿಗಳ ಹಿಂದೆ ದೀಪ ಇರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ರಿಫ್ಲೆಕ್ಟರ್ ಪಟ್ಟಿಯ ಒಂದು ಸುರುಳಿ ಸಿಗುತ್ತದೆ. ಗಾಡಿ ಹಿಂದೆ ಒಂದು ಗೇಣು ಅಂಟಿಸಿದರೆ ಅವರೂ ಉಳಿಯುತ್ತಾರೆ, ಬೈಕಿನಲ್ಲಿ ಬರುವ ನಮ್ಮ ಹುಡುಗರೂ ಉಳಿಯುತ್ತಾರೆ.

ಅವರಿಗೆ ತಿಳಿಸಬೇಕಾದ ಎರಡು ಮಾತು ಇವೆ. ಅವರ ಊರಿನ ರೇಷನ್ ಕಾರ್ಡು ಇಲ್ಲಿಯ ರೇಷನ್ ಅಂಗಡಿಯಲ್ಲೂ ನಡೆಯುತ್ತದೆ. 'ಒಂದು ದೇಶ ಒಂದು ರೇಷನ್ ಕಾರ್ಡ್' ಇರುವುದೇ ಅದಕ್ಕೆ. ಅಂಗಡಿಯವರು ಹಿಂದೆಮುಂದೆ ನೋಡಿದರೆ ಜೊತೆಗೆ ನೀವು ಹೋಗಿ ನಿಂತರೆ ಸಾಕು. ಎರಡನೆಯದು, ಚಿಕ್ಕ ಮಕ್ಕಳ ಲಸಿಕೆ. ಊರಿನ ಆಶಾ ತಾಯಿಗೆ, ಅಂಗನವಾಡಿ ಬಾಯಿಗೆ "ನಮ್ಮ ಹೊಲದಾಗ ಇಷ್ಟು ಕೂಸು ಅದಾವ" ಅಂತ ಹೇಳಿ ಬನ್ನಿ. ಉಳಿದದ್ದು ಅವರ ಕೆಲಸ, ಮಾಡುತ್ತಾರೆ.

ತಿನ್ನಲು ಏನಾದರೂ ಕೊಡಬೇಕು ಅನ್ನಿಸಿದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ವಾರಗಟ್ಟಲೆ ಕೆಡುವುದಿಲ್ಲ, ಬೆಳಗಿನ ನಾಲ್ಕಕ್ಕೆ ಎದ್ದು ಹೋಗುವವರಿಗೆ ಒಲೆ ಹಚ್ಚುವ ಗೊಡವೆ ಇಲ್ಲ. ಜೊತೆಗೆ ಒಂದೊಂದು ವ್ಯಾಸ್ಲಿನ್ ಡಬ್ಬಿ. ಕಬ್ಬಿನ ಗರಿ ಕೊಯ್ದ ಕೈ, ಒಡೆದ ಹಿಮ್ಮಡ ನೋಡಿದವರಿಗೆ ಅದರ ಬೆಲೆ ಗೊತ್ತು.

ಆಸ್ಪತ್ರೆಯ ವರಾಂಡದಲ್ಲಿ

ದೊಡ್ಡ ಕಾಯಿಲೆ ಅಂದರೆ ನಾವು ಓಡುವುದು ಸೊಲ್ಲಾಪುರಕ್ಕೆ, ಜತ್ತಿನವರು ಮಿರಜಿಗೆ. ರೋಗಿಗೆ ಮಂಚ ಇರುತ್ತದೆ. ಜೊತೆಗೆ ಬಂದವರಿಗೆ ವರಾಂಡದ ಫರಸಿ. ಹಣ್ಣು ಹಿಡಿದುಕೊಂಡು ಹೋಗಿ, ಐದು ನಿಮಿಷ ನಿಂತು, "ಡಾಕ್ಟರ್ ಏನಂದ್ರು?" ಅಂತ ಕೇಳಿ ಬರುವುದು ನಮ್ಮ ರೂಢಿ. ಅದೇ ಪ್ರಶ್ನೆಗೆ ಅವರು ಅಂದು ಇಪ್ಪತ್ತು ಸಲ ಉತ್ತರ ಕೊಟ್ಟಿರುತ್ತಾರೆ. ಅದನ್ನು ಬಿಟ್ಟು ಹೀಗೆ ಮಾಡಿ. ಒಂದು ಚಾಪೆ, ಒಂದು ಚಾದರ, ಫ್ಲಾಸ್ಕಿನಲ್ಲಿ ಬಿಸಿನೀರು, ಫೋನಿನ ಚಾರ್ಜರ್ ಒಯ್ಯಿರಿ. ಹೋದವರು ಎರಡು ತಾಸು ರೋಗಿಯ ಹತ್ತಿರ ಕೂತುಕೊಳ್ಳಿ. "ಅಕ್ಕಾ, ನೀವು ಹೋಗಿ ಜಳಕ ಮಾಡ್ಕೊಂಡು, ಒಂದು ನಿದ್ದಿ ತೆಗೆದು ಬರ್ರಿ" ಅನ್ನಿ. ಆ ಎರಡು ತಾಸು ಅವರಿಗೆ ಎಷ್ಟು ದೊಡ್ಡದು ಅನ್ನೋದು ಆಸ್ಪತ್ರೆಯಲ್ಲಿ ರಾತ್ರಿ ಕಳೆದವರಿಗೆ ಗೊತ್ತು.

ಊರಲ್ಲಿ ಉಳಿದವರಿಗೂ ಕೆಲಸ ಇದೆ. ಅವರ ಎಮ್ಮೆ ಯಾರು ಹಿಂಡುತ್ತಾರೆ? ಮಕ್ಕಳನ್ನು ಶಾಲೆಗೆ ಯಾರು ಕಳಿಸುತ್ತಾರೆ? ಆಸ್ಪತ್ರೆಗೆ ಹೋಗಿ ನೋಡಿ ಬರುವುದಕ್ಕಿಂತ ಕೆಲವು ಸಲ ಎಮ್ಮೆ ಹಿಂಡುವುದೇ ದೊಡ್ಡ ಸಹಾಯ.

ಕಾಗದ ಓದಿ ಹೇಳಿ

ಗಡಿ ಊರಿನವರಿಗಷ್ಟೇ ಇರುವ ತೊಂದರೆ ಇದು. ನಮ್ಮ ಹಿರಿಯರಲ್ಲಿ ಬಹಳ ಮಂದಿ ಕಲಿತದ್ದು ಕನ್ನಡ ಶಾಲೆಯಲ್ಲಿ. ತಹಸೀಲಿನಿಂದ, ಬ್ಯಾಂಕಿನಿಂದ ಬರುವ ಕಾಗದ ಮರಾಠಿಯಲ್ಲಿ. ಹೊಲದ ದಾಖಲೆಯಾದ ಸಾತಬಾರಾ ಉತಾರ ಕೈಯಲ್ಲಿದ್ದರೂ ಅದರಲ್ಲಿ ಯಾರ ಹೆಸರಿದೆ ಅಂತ ಓದಲು ಇನ್ನೊಬ್ಬರು ಬೇಕು. ಹೊಲದ ವಿಷಯ ಇನ್ನೊಬ್ಬರ ಬಾಯಿಗೆ ಬೀಳುತ್ತದೆ ಅಂತ ಕಾಗದವನ್ನು ಟ್ರಂಕಿನಲ್ಲಿ ಮುಚ್ಚಿಡುತ್ತಾರೆ. ಕೊನೆಯ ತಾರೀಖು ಹೋಗಿಬಿಡುತ್ತದೆ.

ನಿಮಗೆ ಎರಡೂ ಓದಲು ಬರುತ್ತಾ? ಹಾಗಾದರೆ ವಾರಕ್ಕೆ ಒಂದು ಹೊತ್ತು, ಸಂತೆ ದಿನವೇ ಆದರೆ ಒಳ್ಳೆಯದು, ಗುಡಿ ಕಟ್ಟೆ ಮೇಲೆ ಕೂತುಕೊಳ್ಳಿ. ಕಾಗದವನ್ನು ಪೂರ್ತಿ ಓದಿ, ಆಮೇಲೆ ಮೂರೇ ಮಾತು ಹೇಳಿ: ಯಾರು ಕಳಿಸಿದ್ದು, ಏನು ಕೇಳಿದ್ದಾರೆ, ಯಾವ ತಾರೀಖಿನೊಳಗೆ. ಕಾಗದದ ಹಿಂದೆ ಪೆನ್ಸಿಲಿನಲ್ಲಿ ಅದನ್ನೇ ಕನ್ನಡದಲ್ಲಿ ಬರೆದುಕೊಡಿ. "ಕಾಕಾ, ಇದು ನೋಟಿಸ್ ಅಲ್ರೀ, ಕರೆಂಟ್ ಬಿಲ್ಲು" ಅಂದರೆ ಎಷ್ಟೋ ಜನರಿಗೆ ಅಂದು ರಾತ್ರಿ ನಿದ್ದೆ ಬರುತ್ತದೆ. ಓದಿದ್ದನ್ನು ಮಾತ್ರ ಇನ್ನೊಬ್ಬರ ಎದುರು ಬಾಯಿ ಬಿಡಬೇಡಿ. ಒಂದು ಸಲ ಬಿಟ್ಟರೆ ಆಮೇಲೆ ಯಾರೂ ನಿಮ್ಮ ಹತ್ತಿರ ಕಾಗದ ತರುವುದಿಲ್ಲ.

ಪಿಂಚಣಿದಾರರು ತಾವು ಬದುಕಿದ್ದೇವೆ ಅಂತ ಕೊಡಬೇಕಾದ ಹಯಾತಿ ದಾಖಲೆಯ ಕೆಲಸ ಚಳಿಗಾಲದ ಹೊತ್ತಿನಲ್ಲೇ ಬರುತ್ತದೆ, ಸಾಮಾನ್ಯವಾಗಿ ನವೆಂಬರಿನಲ್ಲಿ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಹೊಲದಲ್ಲಿ ದುಡಿದ ಕೈಯ ಬೆರಳಚ್ಚು ಸವೆದಿರುತ್ತದೆ, ಚಳಿಗೆ ಒಡೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಬ್ಯಾಂಕಿಗೆ ಮೂರು ಸಲ ಅಲೆದು ಬರುತ್ತಾರೆ. ಈ ದಾಖಲೆಯನ್ನು ಆನ್‌ಲೈನಿನಲ್ಲೇ ಕೊಡುವ 'ಜೀವನ್ ಪ್ರಮಾಣ್' ವ್ಯವಸ್ಥೆ 2014ರಿಂದ ಇದೆ, 2021ರಿಂದ ಮುಖ ತೋರಿಸಿಯೂ ಮಾಡಬಹುದು. ಒಂದು ಆಂಡ್ರಾಯ್ಡ್ ಫೋನು, ಅದರಲ್ಲಿ ಜೀವನ್ ಪ್ರಮಾಣ್ ಆ್ಯಪ್ ಮತ್ತು ಆಧಾರ್ ಫೇಸ್ ಆರ್‌ಡಿ ಆ್ಯಪ್, ಅವರ ಆಧಾರ್, ಪಿಪಿಒ (ಪಿಂಚಣಿ ಆದೇಶ) ನಂಬರ್, ಬ್ಯಾಂಕ್ ಖಾತೆ ನಂಬರ್ ಇಟ್ಟುಕೊಳ್ಳಿ. ಬೆಳಕು ಮುಖದ ಮೇಲೆ ಬೀಳುವ ಹಾಗೆ ಕೂಡಿಸಿ, ಬೆನ್ನ ಹಿಂದೆ ಕಿಟಕಿ ಬೇಡ. ಕೆಲಸ ಮುಗಿದ ಮೇಲೆ ಓಟಿಪಿ, ಆಧಾರ್ ಫೋಟೋ ಎಲ್ಲ ಅವರ ಎದುರಿಗೇ ಫೋನಿನಿಂದ ಅಳಿಸಿ. ಮಹಾರಾಷ್ಟ್ರ ಸರ್ಕಾರದ ಸಂಜಯ ಗಾಂಧಿ ನಿರಾಧಾರ, ಶ್ರಾವಣಬಾಳ ಯೋಜನೆಯ ಹಣ ಬರುವವರಿಗೆ ಬೇರೆ ಕ್ರಮ ಇರುತ್ತದೆ. ಅವರನ್ನು ತಹಸೀಲು ಕಚೇರಿಗೆ ಕರೆದುಕೊಂಡು ಹೋಗಿ.

ಎಳ್ಳಮಾವಾಸ್ಯೆ, ಸಂಕ್ರಾಂತಿ

ಮಾರ್ಗಶಿರದ ಅಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಅಂಬಲಿ ಕಟ್ಟಿಕೊಂಡು ಹೋಗಿ ಉಣ್ಣುವ ಹಬ್ಬದಲ್ಲಿ ಹೊಲ ಇಲ್ಲದವರನ್ನು ಕರೆಯುವುದು ಮೊದಲಿನಿಂದ ಬಂದ ಪದ್ಧತಿ. ಈಗೀಗ ಕರೆಯುವುದು ಆಫೀಸಿನವರನ್ನು, ನೆಂಟರನ್ನು, ಮುಂದೆ ಕೆಲಸಕ್ಕೆ ಬರುವವರನ್ನು. ಈ ವರ್ಷ ಮನೆಯಲ್ಲಿ ಸಾವಾಗಿ ಹಬ್ಬ ಇಲ್ಲದವರು, ಹೊಸದಾಗಿ ಬಂದ ಶಾಲೆಯ ಮಾಸ್ತರು, ಪಕ್ಕದ ಹೊಲದ ಟೋಳಿಯವರು, ಇವರಲ್ಲಿ ಒಂದು ಮನೆಯನ್ನಾದರೂ ಕರೆಯಿರಿ. ಜನವರಿಯಲ್ಲಿ ಸೀತನಿ (ಎಳೆ ಜೋಳದ ತೆನೆ) ಸುಡುವಾಗಲೂ ಅಷ್ಟೇ.

ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ 'ಗಡ್ಡಾ' ಜಾತ್ರೆ, ನಂದಿಧ್ವಜದ ಮೆರವಣಿಗೆ. ಹನ್ನೆರಡನೇ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ ಶರಣ ಅವನು. ದನಕರು, ದಾರಿಹೋಕರು, ಯಾರು ಬಂದರೂ ಕೆರೆ ನೀರು ಕೊಡುತ್ತದೆ. ಜಾತ್ರೆಗೆ ಹೋಗುವಾಗ ಬಸ್ಸಿಗೆ ಹತ್ತಲಾಗದ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ.

ಎಳ್ಳು ಬೆಲ್ಲ ಜಗಳ ಮುಗಿಸಲು ಸಿಗುವ ಅತಿ ಸುಲಭದ ನೆಪ. ಬದುವಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಎಲ್ಲ ಊರಲ್ಲೂ ಇದ್ದಾರೆ. ಸುಮ್ನೆ ಹೋಗಿ ಬಾಗಿಲಲ್ಲಿ ನಿಂತು, "ಎಳ್ಳು ಬೆಲ್ಲ ಕೊಡಾಕ ಬಂದೀನಿ" ಅನ್ನಿ. ಬದುವಿನ ಸುದ್ದಿ ಎತ್ತಬೇಡಿ. ಅವರು ಎತ್ತಿದರೂ "ಇವತ್ತ ಬ್ಯಾಡ" ಅನ್ನಿ. ಅಳತೆ ಆಮೇಲೆ ಸರ್ವೆ ಮಾಡುವ ಮೋಜಣಿಯವರು ಮಾಡಲಿ, ಮಾತು ಇವತ್ತು ಶುರುವಾಗಲಿ. ಮನೆಯಲ್ಲಿ ಮರಾಠಿ ಆಡುವ ನೆರೆಯವರಿಗೆ "ತಿಳಗೂಳ ಘ್ಯಾ, ಗೋಡ ಗೋಡ ಬೋಲಾ" (ಎಳ್ಳು ಬೆಲ್ಲ ತಗೊಳ್ಳಿ, ಸಿಹಿಯಾಗಿ ಮಾತಾಡಿ) ಅಂತ ಹೇಳಿದರೆ ಅವರ ಮುಖ ನೋಡಿ. ಅವರೂ ನಮಗೆ ಕನ್ನಡದಲ್ಲೇ ಉತ್ತರ ಕೊಡಲು ನೋಡುತ್ತಾರೆ.

ಸಂಕ್ರಾಂತಿಯಿಂದ ರಥಸಪ್ತಮಿ ತನಕ ಅರಿಶಿನ ಕುಂಕುಮಕ್ಕೆ ಕರೆಯುತ್ತೀರಲ್ಲ, ಅಲ್ಲಿ ಗಂಡ ತೀರಿಹೋದ ಹೆಣ್ಣುಮಕ್ಕಳನ್ನು ಬಿಟ್ಟು ಕರೆಯುವ ಪದ್ಧತಿ ಇನ್ನೂ ನಡೆದಿದೆ. ಕರೆಯುವವರ ಸಾಲಿನಲ್ಲಿ ಮೊದಲು ಅವರ ಮನೆಗೇ ಹೋಗಿ. "ಅಕ್ಕಾ, ನೀವು ಬರಲಿಲ್ಲಂದ್ರ ನಾನು ಶುರು ಮಾಡಂಗಿಲ್ಲ" ಅಂತ ಹೇಳಿ. ಅತ್ತೆ ಏನಾದರೂ ಅಂದರೆ ಅನ್ನಲಿ. ವಾಣ, ಅಂದರೆ ಅಲ್ಲಿ ಕೊಡುವ ಉಡುಗೊರೆ, ಎಲ್ಲರಿಗೂ ಒಂದೇ ಇರಲಿ, ಅವರಿಗೆ ಬೇರೆ ಅಂತ ಮಾಡಬೇಡಿ.

ಚಳಿ ಹೋದ ಮೇಲೆ

ಇಲ್ಲಿಂದ ಮುಂದೆ ಹೆಚ್ಚು ಹೇಳಬೇಕಿಲ್ಲ, ಜನರಿಗೆ ಬೇಕಾದದ್ದು ಬದಲಾಗುತ್ತದೆ ಅಷ್ಟೇ. ಮಾರ್ಚಿನಿಂದ ಸೊಲ್ಲಾಪುರ ಕಡೆ ಬಿಸಿಲು ಏರಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಅರವಟ್ಟಿಗೆ ಇಡುವುದಾದರೆ ದಿನಾ ಮಡಕೆ ತೊಳೆದು ನೀರು ಬದಲಿಸುವವರು ಯಾರು ಅಂತ ಗೊತ್ತು ಮಾಡಿಕೊಂಡು ಇಡಿ. ಉದ್ದ ಹಿಡಿಯ ಮಿಳ್ಳೆ ಇರಲಿ, ಕೈ ನೀರಿಗೆ ತಾಗಬಾರದು. ಟ್ಯಾಂಕರ್ ಬರುವ ಊರಲ್ಲಿ ಸರತಿಯಲ್ಲಿ ನಿಲ್ಲಲಾಗದವರ ಎರಡು ಕೊಡ ನಿಮ್ಮ ಕೊಡದ ಪಕ್ಕ ಇಡಿ. ಜೂನಿನಲ್ಲಿ ಶಾಲೆ ಶುರುವಾಗುತ್ತದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಮುದ್ರಿಸುತ್ತದೆ. ಆದರೂ ಮೇಲಿನ ತರಗತಿಗೆ ಹೋದವರ ಗೈಡು, ಕಂಪಾಸು, ದಫ್ತರ ಚಿಕ್ಕವರಿಗೆ ಕೊಡಿಸಬಹುದು. ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವ ಭಕ್ತರ ದಿಂಡಿಗಳು ಬರುತ್ತವೆ. ಚಹಾ ಎಲ್ಲರೂ ಕೊಡುತ್ತಾರೆ. ಕಾಲಿಗೆ ಎಣ್ಣೆ, ಬೊಬ್ಬೆಗೆ ಪಟ್ಟಿ, ಒಂದು ಶೌಚಾಲಯದ ಕೀಲಿ ಕೊಡುವವರು ಕಡಿಮೆ.

ನೀವು ಮದುವೆಗೋ ಯಾತ್ರೆಗೋ ಎಂಟು ದಿನ ಹೊರಟಿರಿ ಅನ್ನಿ. ಆಯಿಯ ಜೋಳದ ಚೀಲ ಯಾರು ಒಯ್ಯುತ್ತಾರೆ ಅಂತ ಹೋಗುವ ಮೊದಲೇ ಗೊತ್ತು ಮಾಡಿ. ಬರುವ ಹುಡುಗನನ್ನು ಒಮ್ಮೆ ಮನೆಗೆ ಕರೆದುಕೊಂಡು ಹೋಗಿ ಮುಖ ತೋರಿಸಿ. ಅವನ ಫೋನ್ ನಂಬರನ್ನು ದೊಡ್ಡ ಅಂಕಿಯಲ್ಲಿ ಬರೆದು ಆಯಿಯ ಗೋಡೆಗೆ ಅಂಟಿಸಿ. ಔಷಧಿ ತೀರುವ ತಾರೀಖನ್ನು ಅವನಿಗೂ ಹೇಳಿ.